ನೆರೆನೀರಿನಲ್ಲಿ ನೆನೆದ ಮರದ ಸಾಮಾನು: ಮನೆಯಲ್ಲೇ ದುರಸ್ತಿ ಮಾಡುವ ಕ್ರಮ

ಕೊಡಗಿನ ರೈತನಿಗೆ ಮಳೆ ಹೊಸತಲ್ಲ. ಆದರೆ 2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಸುರಿದ ಮಳೆಯನ್ನು ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಭಾಗದ ಜನ ಮರೆಯಲಾರರು. ಗುಡ್ಡಗಳು ಕುಸಿದವು, ಮಡಿಕೇರಿಯಿಂದ ಮಾದಾಪುರಕ್ಕೆ ಹೋಗುವ ರಸ್ತೆ ಕೊಚ್ಚಿಹೋಯಿತು, ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಕಾವೇರಿ ದಂಡೆಯ ಕರಡಿಗೋಡು ಮತ್ತು ನೆಲ್ಯಹುದಿಕೇರಿಯ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಮನೆಗೆ ಹಿಂದಿರುಗಿದವರ ಕಣ್ಣಿಗೆ ಬೀಳುವುದು ಕೆಸರು ಮೆತ್ತಿದ ಮಂಚ, ಉಬ್ಬಿ ತೆರೆಯಲಾಗದ ಕಪಾಟು, ಕೀಲು ಬಿಟ್ಟ ಕುರ್ಚಿ. ಇವುಗಳಲ್ಲಿ ಅಜ್ಜನ ಕಾಲದ ತೇಗದ್ದೂ ಬೀಟೆಯದ್ದೂ ಇರುತ್ತದೆ. ಅಂತಹ ಮರವನ್ನು ಇಂದು ಕೊಂಡು ಮಾಡಿಸುವುದು ಸಾಮಾನ್ಯ ರೈತನ ಕೈಗೆ ಎಟುಕದ ಮಾತು.

ಇಂತಹ ಸಮಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ಕೆಟ್ಟುಹೋಯಿತೆಂದು ಒಳ್ಳೆಯ ಮರವನ್ನೂ ಸೌದೆಗೆ ಹಾಕುವುದು. ಇನ್ನೊಂದು, ಬೇಗ ಒಣಗಲೆಂದು ಬಿಸಿಲಿಗೋ ಬೆಂಕಿಯ ಮುಂದೆಯೋ ಇಟ್ಟು, ನೀರು ಕೆಡಿಸದೆ ಬಿಟ್ಟದ್ದನ್ನು ನಾವೇ ಸೀಳಿಸುವುದು. ಗಟ್ಟಿ ಮರದ ಸಾಮಾನಿನಲ್ಲಿ ಹೆಚ್ಚಿನ ಪಾಲನ್ನು ಮನೆಯಲ್ಲೇ ಸರಿಪಡಿಸಬಹುದು. ಅದಕ್ಕೆ ಬೇಕಾದದ್ದು ಹೆಚ್ಚು ಹಣವಲ್ಲ, ಮೂರು ನಾಲ್ಕು ತಿಂಗಳ ತಾಳ್ಮೆ. ನೆರೆ ಬಾರದ ವರ್ಷದಲ್ಲೂ ಹೆಂಚು ಸೋರಿ, ಗೋಡೆ ಥಂಡಿ ಹಿಡಿದು ಕೆಡುವ ಸಾಮಾನಿಗೆ ಇದೇ ಕ್ರಮ ಅನ್ವಯಿಸುತ್ತದೆ.

ಮರಕ್ಕೆ ನೀರು ಏನು ಮಾಡುತ್ತದೆ?

ಮರವು ಸಣ್ಣ ಸಣ್ಣ ಕೊಳವೆಗಳಂತಹ ಜೀವಕೋಶಗಳಿಂದಾದುದು. ನೀರು ಮೊದಲು ಕೊಳವೆಯ ಗೋಡೆಯನ್ನು ಸೇರುತ್ತದೆ, ಗೋಡೆ ತುಂಬಿದ ಮೇಲೆ ಒಳಗಿನ ಟೊಳ್ಳನ್ನು ತುಂಬುತ್ತದೆ. ಒಣ ಮರದ ತೂಕದ ಶೇಕಡ 28ರಿಂದ 30ರಷ್ಟು ತೇವ ಬರುವವರೆಗೆ ಗೋಡೆಗಳು ನೀರು ಕುಡಿಯುತ್ತವೆ, ಮರ ಉಬ್ಬುತ್ತದೆ. ಆಮೇಲೆ ಎಷ್ಟು ನೀರು ಸೇರಿದರೂ ಭಾರ ಹೆಚ್ಚುತ್ತದೆಯೇ ಹೊರತು ಗಾತ್ರ ಹೆಚ್ಚುವುದಿಲ್ಲ. ಒಣಗುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ. ಮೊದಲು ಟೊಳ್ಳಿನ ನೀರು ಹೋಗುತ್ತದೆ, ಗೋಡೆಯ ನೀರು ಹೋಗತೊಡಗಿದಾಗ ಮರ ಕುಗ್ಗುತ್ತದೆ.

ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಹಲವು ಮರಗಳಲ್ಲಿ ಸುಮಾರು ಎರಡು ಪಟ್ಟು. ಹಲಗೆ ದೋಣಿಯಂತೆ ಬಾಗುವುದಕ್ಕೆ ಕಾರಣ ಇದೇ. ತೇಗವು ಕಡಿಮೆ ಕುಗ್ಗುವ ಮರ. ಆದರೂ 30 ಸೆಂಟಿಮೀಟರ್ ಅಗಲದ ತೇಗದ ಹಲಗೆ ಪೂರ್ತಿ ನೆನೆದು ಬೇಸಿಗೆಯ ಒಣಗಿಗೆ ಬರುವಷ್ಟರಲ್ಲಿ ಸುಮಾರು 1 ಸೆಂಟಿಮೀಟರಿನವರೆಗೂ ಕುಗ್ಗಬಹುದು. ಮೇಲ್ಮೈ ಬೇಗ ಒಣಗಿ ಒಳಭಾಗ ಹಸಿಯಾಗಿಯೇ ಉಳಿದರೆ, ಕುಗ್ಗಬೇಕೆನ್ನುವ ಹೊರಪದರವನ್ನು ಉಬ್ಬಿದ ಒಳಪದರ ತಡೆಯುತ್ತದೆ, ಮರ ಸೀಳುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಸುಡುಬಿಸಿಲಿನಲ್ಲಿ ಒಮ್ಮೆಗೇ ಒಣಗಿಸಿದರೆ ಸಿಪ್ಪೆ ಬಿರಿಯುತ್ತದೆಂದು ನೀವು ಬಲ್ಲಿರಿ. ಮರಕ್ಕೂ ಅದೇ ನ್ಯಾಯ.

ಮೊದಲ ಕೆಲಸ: ತೊಳೆಯುವುದು

1. ಮನೆ ಪ್ರವೇಶಿಸುವ ಮುನ್ನ ವಿದ್ಯುತ್ ಮುಖ್ಯ ಸ್ವಿಚ್ಚನ್ನು ಆರಿಸಿರಬೇಕು. ನೀರಿನಲ್ಲಿ ನಿಂತು ಸ್ವಿಚ್ಚು ಮುಟ್ಟಕೂಡದು. ಹಾಗಿದ್ದರೆ ಲೈನ್‌ಮನ್ ಬರುವವರೆಗೆ ಕಾಯಿರಿ. ಕಪಾಟಿನ ಅಡಿಯಲ್ಲಿ, ಡ್ರಾಯರುಗಳಲ್ಲಿ ಹಾವು ಸೇರಿಕೊಂಡಿರಬಹುದು. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ.

2. ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಹಾಕಿಕೊಳ್ಳಿ. ನೆರೆಯ ಕೆಸರಿನಲ್ಲಿ ಕೊಟ್ಟಿಗೆಯ, ಕಕ್ಕಸಿನ ಹೊಲಸು ಸೇರಿರುತ್ತದೆ. ಇಲಿಜ್ವರದ ರೋಗಾಣು ಗಾಯದ ಮೂಲಕ ಮೈ ಸೇರುತ್ತದೆ. ಕೆಸರಿನ ಕೆಲಸ ಮಾಡಿದ ಒಂದೆರಡು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಈ ವಿಷಯ ತಿಳಿಸಲೇಬೇಕು.

3. ಪರಿಹಾರಕ್ಕೋ ವಿಮೆಗೋ ಅರ್ಜಿ ಹಾಕುವವರಿದ್ದರೆ, ತೊಳೆಯುವ ಮುನ್ನ ಪ್ರತಿ ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಧಿಕಾರಿಗಳು ಬಂದು ನೋಡುವ ಮುನ್ನ ಯಾವುದನ್ನೂ ಸುಡಬೇಡಿ, ಎಸೆಯಬೇಡಿ.

4. ಕೆಸರು ಒಣಗುವ ಮೊದಲೇ ತೊಳೆಯಿರಿ. ಒಣಗಿದ ಕೆಸರು ಮರದ ರಂಧ್ರಗಳಲ್ಲಿ ಕಚ್ಚಿಕೊಳ್ಳುತ್ತದೆ, ಉಜ್ಜಿದರೆ ಮೆರುಗನ್ನು ಗೀರುತ್ತದೆ. ಸಣ್ಣಗೆ ಹರಿಯುವ ಶುದ್ಧ ನೀರು, ಮೃದುವಾದ ಬ್ರಷ್ ಮತ್ತು ಸ್ವಲ್ಪ ಸಾಬೂನು ಸಾಕು. ಮೂಲೆ, ಸಂದು, ಕಾಲಿನ ತಳಭಾಗಗಳನ್ನು ಮರೆಯಬೇಡಿ. ಬ್ಲೀಚಿಂಗ್ ಪುಡಿ ನೆಲಕ್ಕೆ ಇರಲಿ, ಮರಕ್ಕೆ ಬೇಡ. ಅದು ಬಣ್ಣ ಕೆಡಿಸುತ್ತದೆ. ಬ್ಲೀಚಿಂಗ್ ಪುಡಿಯೊಂದಿಗೆ ಯಾವುದೇ ಆಮ್ಲವನ್ನು ಬೆರೆಸಿದರೆ ವಿಷಾನಿಲ ಬರುತ್ತದೆ.

5. ತೊಳೆದ ಮೇಲೆ ಹಳೆ ಬಟ್ಟೆಯಿಂದ ನೀರನ್ನು ಒರೆಸಿ ತೆಗೆಯಿರಿ. ಬಟ್ಟೆ, ಹತ್ತಿಯ ಮೆತ್ತೆ, ಕಾಗದ ಇತ್ಯಾದಿಗಳನ್ನು ಮರದಿಂದ ಬೇರ್ಪಡಿಸಿ.

ಉಬ್ಬಿ ಸಿಕ್ಕಿಕೊಂಡ ಡ್ರಾಯರನ್ನು ಹಿಡಿ ಹಿಡಿದು ಎಳೆಯಬೇಡಿ. ಎಳೆದರೆ ಮುಂಭಾಗ ಕಿತ್ತು ಕೈಗೆ ಬರುತ್ತದೆ. ಮೇಜಿನ ಅಥವಾ ಕಪಾಟಿನ ಹಿಂಬದಿಯ ತೆಳು ಹಲಗೆಯನ್ನು ಬಿಚ್ಚಿ, ಹಿಂದಿನಿಂದ ಕೈಯಿಂದ ನೂಕಿ. ಆಗಲೂ ಬರದಿದ್ದರೆ ಹಾಗೆಯೇ ಬಿಟ್ಟುಬಿಡಿ. ಒಣಗಿ ಕುಗ್ಗಿದಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹಿಂಬದಿ ತೆರೆದಿರುವುದರಿಂದ ಗಾಳಿಯೂ ಆಡುತ್ತದೆ.

ಉಳಿಸಬಹುದಾದದ್ದು, ಉಳಿಸಲಾಗದ್ದು

ತೇಗ, ಬೀಟೆ, ಹಲಸು, ಹೊನ್ನೆ, ಮತ್ತಿ, ನಂದಿ ಮುಂತಾದ ಗಟ್ಟಿ ಮರದ ಚೇಗಿನಿಂದ ಮಾಡಿದ ಸಾಮಾನು ಕೆಲವು ದಿನ ನೀರಿನಲ್ಲಿದ್ದರೂ ಕೊಳೆಯುವುದಿಲ್ಲ. ಸಿಲ್ವರ್ ಓಕ್ ಬಾಳಿಕೆಯ ಮರವಲ್ಲ, ಹುಳುವೂ ಬೇಗ ಹಿಡಿಯುತ್ತದೆ. ಅದನ್ನು ಬೇಗ ಒಣಗಿಸಿ ಔಷಧಿ ಕೊಟ್ಟರೆ ಮಾತ್ರ ಉಳಿಯುತ್ತದೆ.

ಪ್ಲೈವುಡ್ಡಿನ ಪದರಗಳು ಅಂಚಿನಲ್ಲಷ್ಟೇ ಬಿಟ್ಟಿದ್ದರೆ ಅಂಟು ಹಾಕಿ ಒತ್ತಿ ಕೂರಿಸಬಹುದು. ಹಲಗೆಯ ನಡುವೆಯೇ ಗುಳ್ಳೆ ಎದ್ದಿದ್ದರೆ ಆ ಹಲಗೆ ಬದಲಿಸಬೇಕು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ನೆನೆದು ಉಬ್ಬಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದರ ಮೇಲೆ ಹಣ, ಶ್ರಮ ಹಾಕಬೇಡಿ. ಅದರ ತಿರುಪು, ಬೀಗ, ತಿರುಗಣಿ ಕೀಲುಗಳನ್ನು ಮಾತ್ರ ಬಿಚ್ಚಿಟ್ಟುಕೊಳ್ಳಿ.

ಹಳೆಯ ಸಾಮಾನಿನಲ್ಲಿ ಕೊಳೆತ ಇದೆಯೇ ಎಂದು ತಿಳಿಯಲು ದಬ್ಬಳದಿಂದ ಚುಚ್ಚಿ ನೋಡಿ. ಒಳ್ಳೆಯ ಮರ ತಡೆಯುತ್ತದೆ, ಕೊಳೆತದ್ದರಲ್ಲಿ ದಬ್ಬಳ ಸಲೀಸಾಗಿ ಇಳಿಯುತ್ತದೆ. ನೆಲಕ್ಕೆ ತಾಗುವ ಕಾಲುಗಳ ತುದಿ, ಗೋಡೆಗೆ ಒರಗುವ ಹಿಂಬದಿ ಮತ್ತು ಕೂಡುಗಳನ್ನು ವಿಶೇಷವಾಗಿ ಪರೀಕ್ಷಿಸಿ.

ಒಣಗಿಸುವ ಕ್ರಮ

ಒಣಗಿಸಲು ಬೇಕಾದದ್ದು ಗಾಳಿ, ಬಿಸಿಲಲ್ಲ. ಮೇಲೆ ಸೂರಿದ್ದು ಎರಡು ಕಡೆ ತೆರೆದಿರುವ ಜಗಲಿ ಅಥವಾ ಕಣದ ಪಕ್ಕದ ಚಪ್ಪರ ಉತ್ತಮ. ಸಾಮಾನನ್ನು ನೆಲದ ಮೇಲೆ ನೇರವಾಗಿ ಇಡದೆ, ಇಟ್ಟಿಗೆ ಅಥವಾ ರೀಪುಗಳ ಮೇಲೆ ಒಂದು ಗೇಣು ಎತ್ತರಿಸಿ. ನಾಲ್ಕು ಕಾಲೂ ಒಂದೇ ಮಟ್ಟದಲ್ಲಿರಲಿ. ಓರೆಯಾಗಿ ಒಣಗಿದ ಮಂಚ ಓರೆಯಾಗಿಯೇ ಉಳಿಯುತ್ತದೆ. ಕಪಾಟಿನ ಬಾಗಿಲನ್ನು ಕಳಚಿ, ಬಿಡಿ ಹಲಗೆಗಳ ನಡುವೆ ಒಂದು ಅಂಗುಲದ ರೀಪು ಕೊಟ್ಟು ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ. ರೀಪುಗಳು ಒಂದೇ ನೇರದಲ್ಲಿರಬೇಕು. ಇಲ್ಲದಿದ್ದರೆ ಹಲಗೆ ಅಲೆಯಂತೆ ಬಾಗುತ್ತದೆ. ಹಲಗೆಯ ಕೊಯ್ದ ತುದಿಗಳಿಂದ ನೀರು ಬೇಗ ಹೊರಟು ಸೀಳು ಬಿಡುವುದುಂಟು. ತುದಿಗಳಿಗೆ ಜೇನುಮೇಣವನ್ನೋ ಹಳೆಯ ಬಣ್ಣವನ್ನೋ ಬಳಿಯುವುದರಿಂದ ಇದನ್ನು ತಡೆಯಬಹುದು.

ಒಲೆಯ ಪಕ್ಕದಲ್ಲಿ, ಹೊಗೆ ಅಟ್ಟದಲ್ಲಿ ಇಡಬೇಡಿ. ಕಾಫಿ, ಏಲಕ್ಕಿ ಅಥವಾ ಕರಿಮೆಣಸು ಇಟ್ಟಿರುವ ಗೋದಾಮಿನಲ್ಲಂತೂ ಕೂಡದು. ಮರ ಬಿಡುವ ತೇವವನ್ನೂ ಬೂಷ್ಟಿನ ವಾಸನೆಯನ್ನೂ ಫಸಲು ಹೀರಿಕೊಳ್ಳುತ್ತದೆ. ಸಾಮಾನು ಉಳಿಸಲು ಹೋಗಿ ಫಸಲಿನ ಬೆಲೆ ಕಳೆದುಕೊಂಡಂತಾಗುವುದು.

ಒಣಗಿತೆಂದು ತಿಳಿಯುವುದು ಹೇಗೆ?

ಮುಟ್ಟಿ ನೋಡಿ ನಿರ್ಧರಿಸಲಾಗದು. ಮೇಲ್ಮೈ ಒಣಗಿದ ವಾರಗಳ ನಂತರವೂ ಒಳಗೆ ನೀರಿರುತ್ತದೆ. ತೂಕವೇ ಸರಿಯಾದ ಸಾಕ್ಷಿ. ಒಂದು ಡ್ರಾಯರನ್ನೋ ಕಪಾಟಿನ ಒಂದು ಹಲಗೆಯನ್ನೋ ಆರಿಸಿ, ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೆಯೇ ಸೀಮೆಸುಣ್ಣದಿಂದ ಬರೆಯಿರಿ. ತೂಕ ಇಳಿಯುತ್ತಿರುವವರೆಗೆ ಒಣಗುತ್ತಿದೆ ಎಂದು ಅರ್ಥ.

ಆದರೆ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ತೂಕ ನಿಂತಿತೆಂದರೆ ಮರ ಪೂರ್ಣ ಒಣಗಿತೆಂದಲ್ಲ, ಆಗಿನ ಹವೆಗೆ ಹೊಂದಿಕೊಂಡಿತೆಂದಷ್ಟೇ. ಗಾಳಿಯ ಆರ್ದ್ರತೆ ಶೇಕಡ 90 ಇರುವ ಮಳೆಗಾಲದಲ್ಲಿ ಮರದ ತೇವ ಸುಮಾರು ಶೇಕಡ 20ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇಕಡ 65ಕ್ಕೆ ಇಳಿದಾಗ ಅದೇ ಮರ ಸುಮಾರು ಶೇಕಡ 12ಕ್ಕೆ ಬರುತ್ತದೆ. ಸೆಪ್ಟೆಂಬರಿನಲ್ಲಿ ನಿಂತ ತೂಕ ಡಿಸೆಂಬರಿನಲ್ಲಿ ಮತ್ತೆ ಇಳಿಯುವುದು ಈ ಕಾರಣದಿಂದ. ಆದುದರಿಂದ ಕೈಲ್ ಮುಹೂರ್ತದ ಹೊತ್ತಿಗೆ ಒಣಗಿದಂತೆ ಕಂಡರೂ ಆಗ ಅಂಟು ಹಾಕಬಾರದು, ಕೀಸುಳಿ ಹಿಡಿಯಬಾರದು. ಹುತ್ತರಿ ಕಳೆದ ಮೇಲೆ, ಒಣ ಗಾಳಿ ಬೀಸತೊಡಗಿ ಎರಡು ಮೂರು ವಾರ ತೂಕ ಒಂದೇ ಸಮ ನಿಂತಾಗ ದುರಸ್ತಿಗೆ ಕೈ ಹಾಕಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಕೀಸುವ ಅಭ್ಯಾಸ ಬಹಳ ಕಡೆ ಇದೆ. ಆಗಸ್ಟಿನಲ್ಲಿ ಸರಿಹೊಂದುವಂತೆ ಕೀಸಿದ ಬಾಗಿಲಿನ ಅಂಚಿನಲ್ಲಿ ಫೆಬ್ರವರಿಗೆ ಇಲಿ ಮರಿ ನುಸುಳುವಷ್ಟು ಸಂದು ಬೀಳುತ್ತದೆ. ತೆಗೆದ ಮರವನ್ನು ಮತ್ತೆ ಅಂಟಿಸುವುದು ಕಷ್ಟ. ಸದ್ಯಕ್ಕೆ ಅಂಚಿಗೆ ಮೇಣ ಉಜ್ಜಿ ಸುಧಾರಿಸಿಕೊಳ್ಳಿ.

ಬೂಷ್ಟು ಮತ್ತು ಹುಳು

ತೇವ ಶೇಕಡ 20ಕ್ಕಿಂತ ಹೆಚ್ಚಿರುವವರೆಗೆ ಬೂಷ್ಟು, ಕೊಳೆರೋಗಗಳ ಭಯ ಇದ್ದೇ ಇದೆ. ಬೂಷ್ಟು ಕಂಡಾಗ ಒಣಬಟ್ಟೆಯಿಂದ ಕೊಡವಬೇಡಿ, ಅದರ ಧೂಳು ಉಸಿರಿಗೆ ಸೇರುತ್ತದೆ. ಮೂಗು ಬಾಯಿ ಮುಚ್ಚಿಕೊಂಡು ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಬಿಡಿ.

ಮೆರುಗು ಇಲ್ಲದ ಹಿಂಬದಿ, ತಳಭಾಗಗಳಿಗೆ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ (ಬಿಳಿಗಾರ) ದ್ರಾವಣವನ್ನು ಬಳಿಯಬಹುದು. 1 ಲೀಟರ್ ಬಿಸಿನೀರಿಗೆ 20 ಗ್ರಾಂ ಬೋರಿಕ್ ಆಮ್ಲ, 30 ಗ್ರಾಂ ಬೋರಾಕ್ಸ್ ಹಾಕಿ ಕರಗಿಸಿ, ಬ್ರಷ್ಷಿನಿಂದ ಎರಡು ಮೂರು ಸಲ ಬಳಿಯಿರಿ. ಇದು ಕೊರೆಯುವ ಹುಳು ಮತ್ತು ಶಿಲೀಂಧ್ರ ಎರಡನ್ನೂ ತಡೆಯುತ್ತದೆ. ಇದು ನೀರಿನಲ್ಲಿ ತೊಳೆದುಹೋಗುವ ಔಷಧಿಯಾದ್ದರಿಂದ ಮರ ಒಣಗಿದ ಮೇಲೆ ಮೆರುಗೆಣ್ಣೆಯ ಹೊದಿಕೆ ಬೇಕೇಬೇಕು. ಭತ್ತದ ಪತ್ತಾಯದ ಒಳಭಾಗಕ್ಕೆ, ಅಡಿಗೆಯ ಮಣೆಗಳಿಗೆ, ತೊಟ್ಟಿಲಿಗೆ ಇದನ್ನು ಬಳಿಯಕೂಡದು. ದ್ರಾವಣವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಕೂಡು, ಬಾಗು, ಸೀಳುಗಳ ದುರಸ್ತಿ

ಸಡಿಲವಾದ ಕೂಡು: ಹಳೆಯ ಕಾಲದ ಮರವಜ್ರದ ಅಂಟು ನೀರಿಗೆ ಕರಗುತ್ತದೆ. ಕುರ್ಚಿಗಳು ಕೀಲು ಬಿಡುವುದು ಬಹುಮಟ್ಟಿಗೆ ಅದರಿಂದಲೇ, ಮರ ಕೆಟ್ಟಿರುವುದಿಲ್ಲ. ಕೂಡನ್ನು ಪೂರ್ತಿ ಬಿಚ್ಚಿ, ಯಾವ ತುಂಡು ಎಲ್ಲಿಯದೆಂದು ಗುರುತು ಹಾಕಿ. ಹಳೆಯ ಅಂಟನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೆನೆಸಿ, ಮೊಂಡು ಚಾಕುವಿನಿಂದ ಕೆರೆದು ತೆಗೆಯಿರಿ. ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಒಂದೆರಡು ದಿನ ಒಣಗಿಸಿ, ಫೆವಿಕಾಲ್‌ನಂತಹ ಬಿಳಿ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ ಕೂಡಿಸಿ. ಬಿಗಿಯುವ ಯಂತ್ರವಿಲ್ಲದಿದ್ದರೆ ಚೌಕಟ್ಟಿನ ಸುತ್ತ ಹಗ್ಗವನ್ನು ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದರೆ ಸಾಕು. ಹಗ್ಗ ತಾಗುವ ಮೂಲೆಗಳಿಗೆ ಗೋಣಿಯ ತುಂಡು ಕೊಡಿ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣಗಳು ಸಮವಾಗಿವೆಯೇ ನೋಡಿ, 24 ಗಂಟೆ ಅಲುಗಿಸದೆ ಬಿಡಿ. ಕೂಡಿಗೆ ಕಬ್ಬಿಣದ ಮೊಳೆ ಹೊಡೆಯುವುದು ದುರಸ್ತಿಯಲ್ಲ. ಅದು ಮರವನ್ನು ಸೀಳುತ್ತದೆ, ಮುಂದಿನ ಮಳೆಗೆ ತುಕ್ಕು ಹಿಡಿಯುತ್ತದೆ.

ಬಾಗಿದ ಹಲಗೆ: ದೋಣಿಯಂತೆ ಬಾಗಿದ ಹಲಗೆಯಲ್ಲಿ ತಗ್ಗಾದ ಮೈ ಹೆಚ್ಚು ಒಣಗಿರುವುದು, ಉಬ್ಬಿದ ಮೈ ಹೆಚ್ಚು ತೇವವಾಗಿರುವುದು ಸಾಮಾನ್ಯ. ಆದ್ದರಿಂದ ತಗ್ಗಾದ ಮೈಯನ್ನು ಕೆಳಗೆ ಮಾಡಿ ಒದ್ದೆ ಗೋಣಿಯ ಮೇಲೆ ಕವುಚಿ ಹಾಕಿ, ಉಬ್ಬಿದ ಮೈಗೆ ಬೆಳಗಿನ ಎಳೆಬಿಸಿಲು ತಾಗಲಿ. ಕೆಲವು ಗಂಟೆಗಳಿಂದ ಒಂದೆರಡು ದಿನಗಳಲ್ಲಿ ಹಲಗೆ ನೇರವಾಗುತ್ತದೆ. ನೇರವಾದ ಕೂಡಲೇ ಎರಡು ಗಟ್ಟಿ ಪಟ್ಟಿಗಳ ನಡುವೆ ಬಿಗಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು.

ಸೀಳು: ಸಣ್ಣ ಸೀಳಿಗೆ ಅದೇ ಮರದ ನಯವಾದ ಹೊಟ್ಟನ್ನು ಅಂಟಿನೊಂದಿಗೆ ಕಲಸಿ ತುಂಬಿ. ಅಗಲವಾದ ಸೀಳಿಗೆ ಅದೇ ಜಾತಿಯ ಮರದ ತೆಳು ಬೆಣೆಯನ್ನು, ನಾರು ಉದ್ದಕ್ಕೆ ಬರುವಂತೆ, ಅಂಟು ಹಚ್ಚಿ ಕೂರಿಸಿ, ಒಣಗಿದ ಮೇಲೆ ಕೀಸಿ ಸಮಮಾಡಿ.

ಕೊಳೆತ ಕಾಲು: ಕೊಳೆತ ಭಾಗಕ್ಕಿಂತ ಎರಡು ಅಂಗುಲ ಮೇಲೆ ಓರೆಯಾಗಿ ಕೊಯ್ದು, ಹಲಸಿನ ಅಥವಾ ತೇಗದ ಚೇಗಿನ ತುಂಡನ್ನು ಅದೇ ಓರೆಗೆ ಕೊಯ್ದು ಅಂಟಿಸಿ, ಮರದ ಗೂಟ ಹೊಡೆಯಬೇಕು. ಈ ಕೆಲಸಕ್ಕೆ ಅನುಭವಿ ಬಡಗಿಯ ನೆರವು ಪಡೆಯುವುದು ಮೇಲು. ದುರಸ್ತಿಗೆಂದು ತೋಟದ ಬೀಟೆ, ತೇಗದ ಮರ ಕಡಿಯುವ ಮುನ್ನ ಅರಣ್ಯ ಇಲಾಖೆಯ ನಿಯಮಗಳನ್ನು ವಿಚಾರಿಸಿಕೊಳ್ಳಿ.

ಬೆತ್ತದ ಹೆಣಿಗೆ: ಜೋಲುಬಿದ್ದ ಬೆತ್ತದ ಆಸನವನ್ನು ಕೆಳಗಿನಿಂದ ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ಒದ್ದೆಮಾಡಿ ಗಾಳಿಗೆ ಒಣಗಿಸಿದರೆ ಮತ್ತೆ ಬಿಗಿಯಾಗುತ್ತದೆ. ಒಣಗುವವರೆಗೆ ಯಾರೂ ಕೂರಬಾರದು.

ಕಲೆ ತೆಗೆಯುವುದು

ಬಿಳಿ ಕಲೆ ಮೆರುಗಿನಲ್ಲಿರುತ್ತದೆ, ಕಪ್ಪು ಕಲೆ ಮರದಲ್ಲಿರುತ್ತದೆ. ಅರಗಿನ ಪಾಲಿಶಿನ ಮೇಲಿನ ಬಿಳಿ ಮಂಜಿಗೆ, ಬಟ್ಟೆಯ ಉಂಡೆಗೆ ನಾಲ್ಕಾರು ಹನಿ ಸ್ಪಿರಿಟ್ ಹಾಕಿ, ನಿಲ್ಲಿಸದೆ ಹಗುರಾಗಿ ಸವರಿದರೆ ಸಾಕು. ಒತ್ತಿದರೆ ಪಾಲಿಶೇ ಎದ್ದುಬರುತ್ತದೆ.

ಕಪ್ಪು ಕಲೆ ಹೆಚ್ಚಾಗಿ ಕಬ್ಬಿಣದ ಮೊಳೆ, ತಿರುಪುಗಳ ಸುತ್ತ ಕಾಣುತ್ತದೆ. ಮರದ ಒಗರು ಮತ್ತು ಕಬ್ಬಿಣ ನೀರಿನಲ್ಲಿ ಸೇರಿ ಮಸಿಯಂತಾಗುವುದೇ ಇದಕ್ಕೆ ಕಾರಣ. ಮೊದಲು ಮೊಳೆಯನ್ನು ತೆಗೆಯಿರಿ. ಮೆರುಗನ್ನು ಮರಳುಕಾಗದದಿಂದ ಉಜ್ಜಿ ತೆಗೆದು, 1 ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಕಲೆಯಿರುವ ಇಡೀ ಹಲಗೆಗೆ ಬಳಿಯಿರಿ. ಕಲೆ ಹೋದ ಮೇಲೆ ಶುದ್ಧ ನೀರಿನಿಂದ ಎರಡು ಮೂರು ಸಲ ತೊಳೆದು ಒಣಗಿಸಿ. ಈ ಆಮ್ಲ ವಿಷ. ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯನ್ನೇ ಬಳಸಿ, ಗವಸು ಮತ್ತು ಕನ್ನಡಕ ಧರಿಸಿ. ತೊಳೆಯದೆ ಉಜ್ಜಿದರೆ ಏಳುವ ಧೂಳು ಗಂಟಲನ್ನು ಸುಡುತ್ತದೆ. ಉಳಿದದ್ದನ್ನು ಬಾವಿ, ತೊರೆಗಳ ಬಳಿ ಚೆಲ್ಲಬೇಡಿ.

ಹಳೆಯ ಬಣ್ಣ ಹಚ್ಚಿದ ಸಾಮಾನನ್ನು ಒಣದಾಗಿ ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು. ಅದರ ಧೂಳು ಮಕ್ಕಳಿಗೆ ಅಪಾಯಕಾರಿ. ನೀರು ಹಚ್ಚಿ ಉಜ್ಜಿ, ಬಂದದ್ದನ್ನು ಒರೆಸಿ ತೆಗೆಯಿರಿ.

ಮೆರುಗು ಕೊಡುವುದು

ಮಳೆಯ ದಿನ, ಮಂಜಿನ ದಿನ ಪಾಲಿಶ್ ಮಾಡಬೇಡಿ, ಬಿಳಿ ಹೊಡೆಯುತ್ತದೆ. ಅರಗಿನ ಪಾಲಿಶಿಗೆ 1 ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ ಅರಗಿನ ಚಕ್ಕೆಯನ್ನು ರಾತ್ರಿಯಿಡೀ ನೆನೆಸಿ ಸೋಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಹಚ್ಚಿ. ಹತ್ತಿರ ದೀಪ, ಬೀಡಿ ಇರಕೂಡದು. ಇದಕ್ಕಿಂತ ಸುಲಭವಾದದ್ದು ಜೇನುಮೇಣದ ಪಾಲಿಶ್. ತುರಿದ ಮೇಣ 1 ಭಾಗ, ಟರ್ಪೆಂಟೈನ್ 3 ಭಾಗ ಸೇರಿಸಿ, ಒಲೆಯಿಂದ ದೂರ ತಂದ ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯನ್ನಿಟ್ಟು ಕರಗಿಸಿ. ಆರಿದ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ತಿಕ್ಕಿ. ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರ ವಹಿಸಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸಂಭವವಿದೆ. ಅದನ್ನು ಬಯಲಿನಲ್ಲಿ ಬಿಡಿಸಿ ಒಣಗಿಸಿ.

ಹಿಂಬದಿಗೆ, ತಳಕ್ಕೆ, ಕಾಲುಗಳ ತುದಿಗೆ ಹೊದಿಕೆ ಕೊಡುವುದನ್ನು ಮರೆಯಬೇಡಿ. ಒಂದೇ ಮೈಗೆ ಮೆರುಗಿದ್ದರೆ ಇನ್ನೊಂದು ಮೈ ತೇವ ಕುಡಿದು ಹಲಗೆ ಬಾಗುತ್ತದೆ.

ಮುಂದಿನ ಮಳೆಗೆ ಮುನ್ನ

ಮೇ ತಿಂಗಳಿನಲ್ಲಿ ಹೆಂಚು ಸರಿಪಡಿಸಿ. ಕಪಾಟನ್ನು ಗೋಡೆಯಿಂದ ನಾಲ್ಕು ಅಂಗುಲ ದೂರ ಸರಿಸಿ. ಮಂಚ, ಮೇಜುಗಳ ಕಾಲಿನಡಿ ಕಲ್ಲಿನ ಬಿಲ್ಲೆ ಅಥವಾ ರಬ್ಬರ್ ತುಂಡು ಇಡಿ. ಥಂಡಿ ನೆಲದ ನೀರು ಕಾಲಿನ ತುದಿಯಿಂದಲೇ ಏರುತ್ತದೆ. ಕಬ್ಬಿಣದ ತಿರುಪಿಗೆ ಬದಲು ಹಿತ್ತಾಳೆಯದನ್ನು ಹಾಕಿ. ಹೊಸದಾಗಿ ಪ್ಲೈವುಡ್ ಕೊಳ್ಳುವವರು, ನೀರು ತಾಗುವ ಜಾಗಕ್ಕಾದರೆ ಐ.ಎಸ್. 710 ಮುದ್ರೆಯಿರುವುದನ್ನು ಕೇಳಿ ಪಡೆಯಿರಿ. ಮರದ ಬಾಳಿಕೆ, ಸಂರಕ್ಷಣೆಗಳ ಬಗ್ಗೆ ಹೆಚ್ಚಿನ ವಿವರಗಳಿಗೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವನ್ನು ಅಥವಾ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಸಂಪರ್ಕಿಸಬಹುದು.

ಗುಡ್ಡ ಕುಸಿಯುವ ಸೂಚನೆ ಬಂದಾಗ ಮಾತ್ರ ಸಾಮಾನಿನ ಯೋಚನೆ ಬೇಡ. ಮನೆಮಂದಿ, ದನಕರು, ದಾಖಲೆ ಪತ್ರಗಳೊಂದಿಗೆ ಮೊದಲು ಹೊರಡಿ. ನೀರಿನಲ್ಲಿ ನೆನೆದ ಮರಕ್ಕೆ ಮದ್ದಿದೆ.

ರೈತರ ನೆನಪಿಗೆ

* ಆಗಸ್ಟ್: ಕೆಸರು ಒಣಗುವ ಮುನ್ನ ತೊಳೆಯಿರಿ, ಎತ್ತರಿಸಿ ನೆರಳಿಗೆ ಇಡಿ.
* ಸೆಪ್ಟೆಂಬರ್, ಅಕ್ಟೋಬರ್: ಗಾಳಿಗೆ ಒಣಗಿಸಿ, ವಾರಕ್ಕೊಮ್ಮೆ ತೂಗಿ, ಬೂಷ್ಟು ಒರೆಸಿ, ಔಷಧಿ ಬಳಿಯಿರಿ.
* ನವೆಂಬರ್: ದಬ್ಬಳದಿಂದ ಪರೀಕ್ಷಿಸಿ, ಉಳಿಸುವುದನ್ನೂ ಬಿಡುವುದನ್ನೂ ನಿರ್ಧರಿಸಿ. ಕಣಕ್ಕೆ ಕಾಫಿ ಬರುವ ಮುನ್ನ ಸಾಮಾನನ್ನು ಜಗಲಿಗೆ ಸಾಗಿಸಿ.
* ಹುತ್ತರಿಯ ನಂತರ: ಕೂಡು, ಬಾಗು, ಸೀಳುಗಳನ್ನು ಸರಿಪಡಿಸಿ, ಕಲೆ ತೆಗೆಯಿರಿ.
* ಜನವರಿ, ಫೆಬ್ರವರಿ: ಎಲ್ಲ ಮೈಗೂ ಮೆರುಗು ಕೊಡಿ.